ತಳಕಲ್ಲಿನ ಹುಡುಗಿಯ ಬಗ್ಗೆ ನಾನು ಬರೆದ ಮೂರು ವರದಿ

ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದೆ. ಹುಡುಗಿ ತಿರುಗಿ ನೋಡಿದಳು. ನಾನು ಹಾಳೆಯಲ್ಲಿ ‘ಶ್ರವಣ: ಸರಿಯಾಗಿದೆ’ ಎಂದು ಬರೆದೆ. ಬರೆಯಲು ಅರ್ಧ ನಿಮಿಷ ಹಿಡಿದಿರಬಹುದು. ಅದನ್ನು ಹೊಡೆದುಹಾಕಲು ಒಂದು ವರ್ಷ ಹಿಡಿಯಿತು.

ಎರಡು ಸಾವಿರದ ಐದಾರರ ಆಚೀಚೆ ಇರಬೇಕು. ಶಾಲೆಗೆ ಬರಲಾಗದ, ಬಂದರೂ ಕೂರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು ನನ್ನ ಕೆಲಸ. ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸುವ ಒಂದು ವರ್ಷದ ತರಬೇತಿ ಮುಗಿಸಿ, ಯಲಬುರ್ಗಾದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಒಂದು ಚೀಲದಲ್ಲಿ ಗಂಟೆ, ಬಣ್ಣದ ಮಣಿ, ಮರದ ತುಂಡು, ಚಿತ್ರದ ಹಾಳೆ. ಕುಕನೂರಿಗೆ ಒಂದು ಬಸ್ಸು, ಅಲ್ಲಿಂದ ತಳಕಲ್ಲಿಗೆ ಇನ್ನೊಂದು. ವಾರಕ್ಕೆ ಎರಡು ಸಲ, ಸಲಕ್ಕೆ ಒಂದೂವರೆ ತಾಸು.

ಹುಡುಗಿಗೆ ಆಗ ಆರು ತುಂಬಿತ್ತು. ಮನೆಯಲ್ಲಿ ಎಲ್ಲರೂ ‘ಸಣ್ಣಾಕಿ’ ಎನ್ನುತ್ತಿದ್ದರು. ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದಳು. ತಂದೆ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲ, ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ಮನೆಯ ಯಜಮಾನಿಕೆ ಅಜ್ಜಿಯದು, ಅಂದರೆ ತಂದೆಯ ತಾಯಿಯದು. ಊರಿನ ಶಾಲೆಯ ಹೆಡ್‌ಮಾಸ್ತರರು ಹುಡುಗಿಯ ಹೆಸರು ಹಚ್ಚಿಕೊಂಡಿದ್ದರು. ಆದರೆ ಅವಳು ಒಂದು ಕಡೆ ಕೂರುತ್ತಿರಲಿಲ್ಲ, ಹೇಳಿದ್ದು ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಹದಿನೈದು ದಿನ ನೋಡಿ ಅವರೇ ನನಗೆ ಹೇಳಿ ಕಳಿಸಿದ್ದರು.

ಮೊದಲ ದಿನ ನಾನು ತರಬೇತಿಯಲ್ಲಿ ಕಲಿತ ಹಾಗೆಯೇ ಮಾಡಿದೆ. ಲೋಟ, ಬಾಚಣಿಕೆ, ಚೆಂಡು ಮುಂದಿಟ್ಟು “ಲೋಟ ಕೊಡು” ಅಂದೆ. ಅವಳು ನನ್ನ ಮುಖ ನೋಡಿ, ನಕ್ಕು, ಬಾಚಣಿಕೆ ಕೊಟ್ಟಳು. “ಚೆಂಡು ಕೊಡು” ಅಂದೆ. ಲೋಟ ಕೊಟ್ಟಳು. ಮೂಗು ತೋರಿಸು ಅಂದರೆ ಚೆಂಡು ಎತ್ತಿಕೊಂಡು ಹೊರಗೆ ಓಡಿದಳು. ಗಂಟೆಗೆ ತಿರುಗುತ್ತಾಳೆ, ಮಾತು ತಿಳಿಯುವುದಿಲ್ಲ. ಹಾಗಾದರೆ ಕಿವಿ ಚೆನ್ನಾಗಿದೆ, ಬುದ್ಧಿ ಬೆಳೆದಿಲ್ಲ. ನನ್ನ ಮೊದಲ ವರದಿ ಇದು: ಬುದ್ಧಿಮಾಂದ್ಯತೆ, ಮಧ್ಯಮ ಪ್ರಮಾಣ.

ನಾನು ಬರೆಯುತ್ತಿರುವಾಗ ತಾಯಿ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದಳು. “ಅಕ್ಕೋರ, ಈಕಿದು ತಿಳಿಯಂಗಿಲ್ರಿ. ಒಂದೊಂದ್ ದಿನಾ ಕೇಳಸ್ತೈತಿ ಅನಸ್ತೈತಿ. ಒಂದೊಂದ್ ದಿನಾ ಕಿವಿಯಾಗ ಒದರಿದ್ರೂ ಇಲ್ಲ.”

ಅದನ್ನು ನಾನು ‘ಗಮನ ಕಡಿಮೆ’ ಎಂದು ಬರೆದುಕೊಂಡೆ.

ಗೊಂದಲ ಶುರುವಾದದ್ದು ಎರಡನೇ ವಾರದಿಂದ. ಬುದ್ಧಿಮಾಂದ್ಯ ಮಕ್ಕಳಿಗೆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆದು ಕಲಿಸುತ್ತೇವೆ. ಗುಂಡಿ ಹಾಕುವುದನ್ನೇ ಏಳೆಂಟು ಹೆಜ್ಜೆ ಮಾಡಿ, ಒಂದೊಂದು ಹೆಜ್ಜೆಗೆ ವಾರಗಟ್ಟಲೆ ಕೂರುತ್ತೇವೆ. ನಾನು ಪಟ್ಟಿ ಮಾಡಿಕೊಂಡು ಹೋಗಿ ಒಮ್ಮೆ ಗುಂಡಿ ಹಾಕಿ ತೋರಿಸಿದೆ. ಅವಳು ನನ್ನ ಕೈ ನೋಡಿ, ತನ್ನ ಅಂಗಿಯ ಗುಂಡಿ ಐದನ್ನೂ ಹಾಕಿಕೊಂಡಳು. ಮರುಸಲ ಮಣಿ ಪೋಣಿಸುವುದು. ಕೆಂಪು ಎರಡು, ಹಳದಿ ಒಂದು ಎಂದು ನಾನು ಪೋಣಿಸಿದ ಸರ ನೋಡಿ, ಅದೇ ವರಸೆಯಲ್ಲಿ ಒಂದು ಮೊಳ ಪೋಣಿಸಿದಳು. ಅಜ್ಜಿ ಮೊರದಲ್ಲಿ ಹಾಕಿಕೊಂಡಿದ್ದ ತೊಗರಿ, ಹೆಸರು, ಅಲಸಂದಿ ಬೆರಕೆ ಕಾಳನ್ನು ಆರಿಸಿ ಮೂರು ಗುಂಪು ಮಾಡಿಟ್ಟಳು. ನನ್ನ ಮೂರು ತಿಂಗಳ ಪಾಠ ಹತ್ತು ದಿನಕ್ಕೆ ಮುಗಿಯಿತು.

ಆದರೆ “ಲೋಟ ಕೊಡು” ಅಂದರೆ ಈಗಲೂ ಬಾಚಣಿಕೆಯನ್ನೇ ಕೊಡುತ್ತಿದ್ದಳು.

ಇಂಥ ಮಗುವನ್ನು ನನ್ನ ತರಬೇತಿಯ ಪುಸ್ತಕದಲ್ಲಿ ನಾನು ಓದಿರಲಿಲ್ಲ. ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಹೆಡ್‌ಮಾಸ್ತರರು ಒಂದು ಕಾರಣ ಹೇಳಿದರು. “ನೋಡ್ರಿ, ಇವರು ನಾಕು ವರ್ಷ ಗಂಗಾವತಿ ಹತ್ರ ಶ್ರೀರಾಮನಗರದಾಗ, ಆಂಧ್ರದವರ ಗದ್ದ್ಯಾಗ ನಾಟಿ ಕೆಲಸಕ್ಕ ಅಂತ ಅಲ್ಲೇ ಇದ್ರು. ಹುಡುಗಿ ಹುಟ್ಟಿದ್ದೂ ಅಲ್ಲೇ. ಹೊರಗ ತೆಲುಗು, ಒಳಗ ಕನ್ನಡ. ಎರಡೂ ಕಲಸಿ ತಲಿ ಕೆಟ್ಟಿರಬೇಕು.” ಅಜ್ಜಿಯ ಪ್ರಕಾರ ಅದು ದೃಷ್ಟಿ. ನನಗೆ ಎರಡರ ಮೇಲೂ ನಂಬಿಕೆ ಬರಲಿಲ್ಲ. ಆದರೆ ಅವರಿಗೆ ತಿರುಗಿ ಹೇಳಲು ನನ್ನ ಹತ್ತಿರ ಮೂರನೆಯದೊಂದು ಕಾರಣವೂ ಇರಲಿಲ್ಲ.

ಅದೇ ಹೊತ್ತಿಗೆ ತಾಲ್ಲೂಕಿನಲ್ಲಿ ತಪಾಸಣಾ ಶಿಬಿರ ನಡೆಯಿತು. ಶಾಲೆಯ ಅಂಗಳದ ತುಂಬ ಮಕ್ಕಳು, ಒಂದು ಕೋಣೆಯಲ್ಲಿ ಕಿವಿ ಪರೀಕ್ಷೆ. ಸದ್ದು ಕೇಳಿದಾಗೆಲ್ಲ ಡಬ್ಬಿಯೊಳಗೆ ಒಂದು ಮಣಿ ಹಾಕಬೇಕು. ಹುಡುಗಿ ಮೊದಲ ನಾಲ್ಕು ಮಣಿ ಸರಿಯಾಗಿ ಹಾಕಿದಳು. ಆಮೇಲೆ ಸದ್ದಿದ್ದಾಗ ಸುಮ್ಮನಿದ್ದು, ಇಲ್ಲದಾಗ ಹಾಕಿದಳು. ಪರೀಕ್ಷೆ ಮಾಡಿದವರು ಎರಡು ಸಲ ಮಾಡಿ, ತಲೆ ಕೆರೆದುಕೊಂಡು, ಶ್ರವಣದೋಷ ಎಂದು ಬರೆದರು. ಎದೆಯ ಮೇಲೆ ಕಟ್ಟುವ ಡಬ್ಬಿಯಂಥ ಶ್ರವಣ ಯಂತ್ರ ಕೊಟ್ಟರು, ಅದರಿಂದ ಕಿವಿಗೆ ಒಂದು ವಾಯರು. ಆ ಕಾಗದದ ಆಧಾರದ ಮೇಲೆ ನಾನು ಎರಡನೇ ವರದಿ ಬರೆದೆ: ಬುದ್ಧಿಮಾಂದ್ಯತೆಯ ಜೊತೆಗೆ ಶ್ರವಣದೋಷ. ಮೊದಲಿನದನ್ನು ತೆಗೆಯುವ ಧೈರ್ಯ ಬರಲಿಲ್ಲ, ಅದರ ಪಕ್ಕಕ್ಕೆ ಇನ್ನೊಂದು ಸೇರಿಸಿದೆ.

ಯಂತ್ರ ಹಾಕಿದ ಕೂಡಲೇ ಹುಡುಗಿ ಕಿವಿ ಹಿಡಿದುಕೊಂಡು ಚೀರಿದಳು. ಮರುದಿನ ಅದನ್ನು ಕಿತ್ತು ಜೋಳದ ಚೀಲದಲ್ಲಿ ಹೂತಿಟ್ಟಳು. ದಿನಕ್ಕೆ ಹತ್ತು ನಿಮಿಷ, ಆಮೇಲೆ ಹದಿನೈದು ಎಂದು ರೂಢಿ ಮಾಡಿಸಿ ಎಂದು ತಾಯಿಗೆ ಹೇಳಿದೆ. ಎರಡು ತಿಂಗಳಾದರೂ ಆಗಲಿಲ್ಲ. ಒಂದು ದಿನ ನಾನು ತಾಯಿಯನ್ನೇ ಗದರಿದೆ. “ನೀವು ಮನಸ್ಸಿಟ್ಟು ಹಾಕಿಸ್ತಿಲ್ಲ, ಅದಕ್ಕ ಹಿಂಗ ಆಗೂದು.” ಮಗಳ ಕಿವಿಯ ಹಿಂದೆ ಉಗುರಿನ ಗೆರೆ ಕೆಂಪಾಗಿ ಎದ್ದಿದ್ದವು, ಅವಳು ಅವನ್ನು ಬೆರಳಿನಿಂದ ಸವರಿದಳು.

ಆಮೇಲೆ ತಿಂಗಳುಗಟ್ಟಲೆ ಕಾದು ಕೊಪ್ಪಳದಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದೆವು. ಕಿವಿಯೊಳಗೆ ಸಣ್ಣದೊಂದು ಬಿರಡೆಯಂಥದು ಇಟ್ಟು ಒಳಕಿವಿ ಕೆಲಸ ಮಾಡುತ್ತದೋ ಇಲ್ಲವೋ ನೋಡುವ ಪರೀಕ್ಷೆ ಅದು. ಫಲಿತಾಂಶ: ಎರಡೂ ಕಿವಿ ಸರಿಯಾಗಿವೆ.

ಒಂದು ಕಾಗದದಲ್ಲಿ ಕಿವಿ ಇಲ್ಲ. ಒಂದರಲ್ಲಿ ಇದೆ. ನನ್ನದರಲ್ಲಿ ಬುದ್ಧಿ ಇಲ್ಲ. ಮೂರನ್ನೂ ಅಜ್ಜಿಯ ಮುಂದೆ ಓದಿ ಹೇಳಿದಾಗ ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಂದಳು, “ಹಂಗಾದ್ರ ಮೂರು ಹುಡಿಗ್ಯಾರು ಅದಾರೇನ್ರಿ ನಮ್ಮ ಮನ್ಯಾಗ?”

ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಅಷ್ಟರಲ್ಲಿ ನಮ್ಮ ಕಚೇರಿಯಿಂದ ಸುದ್ದಿ ಬಂತು. ಬೇರೆ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಜಾಗ ಇದೆ, ತಳಕಲ್ಲಿನ ಹುಡುಗಿಯನ್ನು ಕಳಿಸಬಹುದು. ತಂದೆ ಒಪ್ಪಿದ್ದ. ಗಿರಣಿಯಿಂದ ರಜೆ ಹಾಕಿ ಬಂದು ನನ್ನ ಮುಂದೆ ಕೈಕಟ್ಟಿ ಕೂತು ಹೇಳಿದ, “ಇಲ್ಲಿದ್ರ ಏನ್ ಆಗೂದೈತ್ರಿ? ಆಕಿ ತಾಯಿ ಹೊಲಕ್ಕ ಹೋದ್ರ ನಮ್ಮವ್ವ ಹಿಂದ ಹಿಂದ ಓಡ್ಯಾಡಬೇಕು. ಅಲ್ಲಿ ಹಾಕಿದ್ರ ಏನರ ಕಲೀತಾಳ.” ನನ್ನ ಶಿಫಾರಸಿನ ಸಹಿ ಒಂದು ಬಿದ್ದರೆ ಆಗುತ್ತಿತ್ತು. ಅರ್ಜಿ ನನ್ನ ಚೀಲದಲ್ಲಿತ್ತು.

ತಾಯಿ ಅವತ್ತು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ಅರ್ಧ ದಾರಿಗೆ ನಿಂತಳು.

“ಅಲ್ಲೆ ಎಲ್ಲಾ ಇಂಥಾ ಮಕ್ಕಳ ಇರ್ತಾರೇನ್ರಿ?”

“ಹೌದು.”

“ಈಕಿ ಇಂಥಾಕಿ ಅಂತ ನಿಮಗ ಖಾತ್ರಿ ಐತಿ?”

ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಬಸ್ಸು ಬಂತು, ಓಡಿ ಹತ್ತಿದೆ.

ಮರುದಿನ ಕಚೇರಿಯಲ್ಲಿ ಹದಿನೈದು ದಿನ ಸಮಯ ಕೇಳಿದೆ. ನಮ್ಮ ಅಧಿಕಾರಿ ಹತ್ತು ಕೊಟ್ಟರು. ಚೀಲವನ್ನು ಕೋಣೆಯಲ್ಲೇ ಬಿಟ್ಟೆ. ಒಂದು ನೋಟುಬುಕ್ಕು ಮಾತ್ರ ಹಿಡಿದು, ಬೆಳಗಿನ ಬಸ್ಸಿಗೆ ತಳಕಲ್ಲಿಗೆ ಹೋಗಿ, ಅವರ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತೆ. ಏನನ್ನೂ ಕಲಿಸಬಾರದು, ಕೇಳಬಾರದು, ನೋಡಬೇಕು ಅಷ್ಟೇ. ಹಾಗೆ ಮೂರು ದಿನ ಕೂತೆ.

ಪುಟದ ಎಡಕ್ಕೆ ಅವಳು ತಿರುಗಿದ ಸದ್ದು, ಬಲಕ್ಕೆ ತಿರುಗದ್ದು. ಎಡಕ್ಕೆ: ರೈಲು, ಹಿಟ್ಟಿನ ಗಿರಣಿ, ಬಿದ್ದ ತಾಟು, ಆಡು ಒದರಿದ್ದು. ಬಲಕ್ಕೆ: ಅಜ್ಜಿ ಕರೆದದ್ದು ಆರು ಸಲ, ಓಣಿಯ ಹುಡುಗಿಯರು ಕರೆದದ್ದು, ಮತ್ತೆ ಅದೇ ಆಡು ಒದರಿದ್ದು. ಒಂದೇ ಸದ್ದು ಎರಡೂ ಕಡೆ ಬರುತ್ತಿತ್ತು. ಎರಡನೇ ದಿನದ ಮಧ್ಯಾಹ್ನಕ್ಕೆ ನನ್ನ ಪುಟದಲ್ಲಿ ತಲೆಬುಡ ಉಳಿಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ತಾಯಿ ಹೊಲಕ್ಕೆ ಹೊರಡುವ ಮೊದಲು ಒಲೆಗೆ ತೊಗರಿಕಟ್ಟಿಗೆ ತಂದಳು. ಎರಡೂ ತೋಳಿನ ತುಂಬ ಹೊರೆ. ಬಾಗಿಲು ಮುಚ್ಚಿತ್ತು. ಒಳಗಿದ್ದ ಮಗಳಿಗೆ “ಬಾಗಲಾ ತಗಿ” ಅಂದಳು. ಹುಡುಗಿ ನಿಂತು ತಾಯಿಯನ್ನು ಕಿಟಕಿಯ ಕಂಡಿಯಿಂದ ನೋಡಿದಳು. ತಾಯಿ ಮತ್ತೆ ಕೂಗಿದಳು. ಹುಡುಗಿ ನೋಡಿದಳು ಅಷ್ಟೇ. ತಾಯಿ ಬೇಸತ್ತು ಹೊರೆ ನೆಲಕ್ಕೆ ಹಾಕಿ, ಒಂದು ಕೈ ಬಾಗಿಲ ಕಡೆ ಬೀಸಿ ಅದೇ ಮಾತು ಅಂದಳು. ಹುಡುಗಿ ಓಡಿ ಬಂದು ಬಾಗಿಲು ತೆಗೆದಳು.

ನಾನು ಎದ್ದು ನಿಂತೆ. ತಾಯಿಯನ್ನು ಮಗಳ ಎದುರು ಕೂರಿಸಿದೆ. “ದಿನಾ ಆಕಿಗೆ ಏನೇನ್ ಹೇಳ್ತೀರಿ, ಈಗ ಹೇಳ್ರಿ” ಅಂದೆ. ನೀರು ತಾ, ಅಜ್ಜಿನ್ನ ಕರಿ, ಚಾಪಿ ಹಾಸು. ಹುಡುಗಿ ಒಂದೊಂದನ್ನೂ ಮಾಡಿದಳು. ಒಂದೂ ತಪ್ಪಲಿಲ್ಲ.

“ಈಗ ಕೈ ಎರಡೂ ಸೆರಗಿನ ಒಳಗ ಇಟ್ಕೊಂಡು ಹೇಳ್ರಿ. ಕಣ್ಣಲೇ ಸುದ್ದಾ ತೋರಿಸಬ್ಯಾಡ್ರಿ.”

ತಾಯಿ ಸೆರಗಿನೊಳಗೆ ಕೈ ಸೇರಿಸಿ “ನೀರು ತಾ” ಅಂದಳು. ಹುಡುಗಿ ತಾಯಿಯ ಬಾಯಿ ನೋಡಿದಳು. ಆಮೇಲೆ ಸೆರಗು ನೋಡಿದಳು. ಕೈ ಎಲ್ಲಿ ಹೋಯಿತು ಎಂದು ಸೆರಗು ಎತ್ತಿ ಹುಡುಕಿದಳು.

ತಾಯಿ ಕೈ ಎರಡನ್ನೂ ಹೊರಗೆ ತೆಗೆದು ನೋಡಿಕೊಂಡಳು. “ಇಷ್ಟ್ ವರ್ಷ ನಾ ಆಡಿದ ಮಾತು ಆಕಿಗೆ ತಿಳೀತೈತಿ ಅಂದ್ಕೊಂಡಿದ್ದೆ. ಒಂದೂ ಮುಟ್ಟಿಲ್ಲೇನ್ರಿ ಹಂಗಾದ್ರ?” ಅಂದಳು.

ಮಾತು ಮುಟ್ಟಿರಲಿಲ್ಲ, ಕೈ ಮುಟ್ಟಿತ್ತು. ಆ ಮನೆಯಲ್ಲಿ ತಿಳಿಯದೆಯೇ ಒಂದು ಭಾಷೆ ನಡೆದಿತ್ತು, ಹತ್ತಿಪ್ಪತ್ತು ಸನ್ನೆಯದು. ಬುದ್ಧಿ ಇಲ್ಲದ ಮಗು ಅದನ್ನು ಹೇಗೆ ಕಲಿತೀತು? ಅಷ್ಟು ಗೊತ್ತಾಯಿತು. ಆದರೆ ಕಿವಿ ಇಲ್ಲದಿದ್ದರೆ ಗಂಟೆಗೆ ಹೇಗೆ ತಿರುಗಿದಳು? ಕಿವಿ ಇದ್ದರೆ ಮಾತೇಕೆ ತಿಳಿಯಲಿಲ್ಲ? ಮೊದಲಿಗಿಂತ ಹೆಚ್ಚು ಗೊಂದಲದಲ್ಲಿ ಯಲಬುರ್ಗಾಕ್ಕೆ ಹಿಂದಿರುಗಿದೆ.

ಉಳಿದ ದಿನಗಳಲ್ಲಿ ಒಂದು ದಿನ ತಳಕಲ್ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ತಾಯಿ ಮಗಳನ್ನು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ತಲೆಗೆ, ಕಿವಿಯ ಹಿಂದೆ ಸಣ್ಣ ವಾಯರು ಅಂಟಿಸಿ, ಕಿವಿಗೆ ಸದ್ದು ಬಿಟ್ಟು, ಅದು ನರದಲ್ಲಿ ಮಿದುಳಿನವರೆಗೆ ಹೋಗುತ್ತದೋ ಇಲ್ಲವೋ ನೋಡುವ ಪರೀಕ್ಷೆ ಇತ್ತು. ಮಗು ನಿದ್ದೆ ಮಾಡಬೇಕು. ನಿದ್ದೆಯ ಸಿರಪ್ ಕುಡಿಸಿದರೂ ಅವಳು ಮಲಗಲಿಲ್ಲ. ತಾಯಿ ನೆಲದ ಮೇಲೆ ಕೂತು ಕಾಲು ಚಾಚಿ, ಮಗಳನ್ನು ಕಾಲ ಮೇಲೆ ಹಾಕಿಕೊಂಡು ತೂಗಿದಳು. ಏಳು ವರ್ಷಕ್ಕೆ ಬಂದ ಮಗುವಿನ ಕಾಲು ನೆಲಕ್ಕೆ ತಾಗುತ್ತಿದ್ದವು. ಒಂದು ತಾಸಿನ ಮೇಲೆ ಕಣ್ಣು ಮುಚ್ಚಿದಳು.

ಶ್ರವಣ ತಜ್ಞೆ ಮೈಸೂರು ಕಡೆಯ ಮಾತಿನ ಹೆಂಗಸು. ಕಾಗದದ ಮೇಲೆ ಬಂದ ಗೆರೆಗಳನ್ನು ನನಗೆ ತೋರಿಸಿದರು. ಅಲೆ ಏಳಬೇಕಾದ ಕಡೆ ಎಲ್ಲ ಮಟ್ಟಸವಾಗಿತ್ತು. ನಾನು ಕೊಪ್ಪಳದ ಕಾಗದ ಮುಂದಿಟ್ಟೆ. “ಅದೂ ಸರಿ, ಇದೂ ಸರಿ” ಅಂದರು.

“ಅದು ಹೇಗೆ ಮೇಡಂ?”

“ಒಳಕಿವಿ ಸದ್ದನ್ನ ಹಿಡಿಯುತ್ತೆ. ನರ ಅದನ್ನ ಮೇಲಕ್ಕೆ ಒಯ್ಯುವಾಗ ಚೆಲ್ಲಾಪಿಲ್ಲಿ ಮಾಡುತ್ತೆ. ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಹಿಡೀದೇ ಇದ್ರೆ ಬರೀ ಗರಗರ ಬರಲ್ವಾ? ಸದ್ದು ಇದೆ, ಮಾತಿಲ್ಲ. ಒಂದು ದಿನ ಸ್ವಲ್ಪ ಸ್ಪಷ್ಟ, ಒಂದು ದಿನ ಏನೂ ಇಲ್ಲ. ಯಂತ್ರ ಹಾಕಿದ್ರೆ ಗರಗರಾನೇ ಜೋರಾಗುತ್ತೆ.”

ಹುಡುಗಿ ಯಂತ್ರವನ್ನು ಜೋಳದಲ್ಲಿ ಹೂತಿಟ್ಟದ್ದೇಕೆ ಎಂದು ನನಗೆ ಆಗ ತಿಳಿಯಿತು. ತಾಯಿಯ ಕಡೆ ನೋಡಲು ಆಗಲಿಲ್ಲ.

ಹುಟ್ಟಿದಾಗ ಕಾಮಾಲೆ ಆಗಿತ್ತಾ ಎಂದು ಅವರು ಕೇಳಿದರು. “ಆಗಿತ್ರಿ” ಅಂದಳು ತಾಯಿ. “ಶ್ರೀರಾಮನಗರದಾಗ ಕಾಲುವಿ ದಂಡಿಗೆ ನಮ್ಮ ಗುಡಸಲಾ. ಹುಟ್ಟಿ ಮೂರ್ ದಿನಕ್ಕ ಅರಿಷಿಣ ಬಳದಂಗ ಆಗಿತ್ತು. ಬಿಸಲಿಗೆ ಹಿಡೀರಿ ಅಂದ್ರು, ಹಿಡದೆ. ನಂದ ತಪ್ಪಾತೇನ್ರಿ?”

“ನಿಮ್ಮ ತಪ್ಪಲ್ಲ. ಅದರಿಂದಲೇ ಹೀಗಾಯ್ತು ಅಂತಲೂ ನಾನು ಖಚಿತವಾಗಿ ಹೇಳೋಕಾಗಲ್ಲ” ಅಂದರು ಅವರು. ಮುಂದೆ ಕಿವಿ ಸುಧಾರಿಸುತ್ತದೆಯೇ ಎಂದು ಕೇಳಿದೆ. ಅದನ್ನೂ ಹೇಳಲಾಗದು ಎಂದರು. “ಒಂದು ಮಾತ್ರ ಹೇಳ್ತೀನಿ. ಕಣ್ಣಿಗೆ ಕಾಣೋ ಭಾಷೆ ಕೊಡಿ, ಸನ್ನೆ ಭಾಷೆ. ಬೇಗ ಕೊಡಿ. ಏಳು ವರ್ಷ ಆಗಲೇ ಹೋಗಿದೆ.”

ಹತ್ತನೇ ದಿನ ಮೂರನೇ ವರದಿ ಬರೆದೆ. ‘ನಾನು ಮೊದಲು ಬರೆದ ವರದಿ ತಪ್ಪು. ಈ ಮಗುವಿಗೆ ಬುದ್ಧಿಮಾಂದ್ಯತೆ ಇಲ್ಲ. ಪರೀಕ್ಷೆ ಮಾಡಿದ ಕ್ರಮದಲ್ಲಿಯೇ ನನ್ನ ದೋಷವಿತ್ತು. ವಸತಿ ಶಾಲೆಗೆ ಶಿಫಾರಸು ಮಾಡುವುದಿಲ್ಲ.’ ನಮ್ಮ ಅಧಿಕಾರಿ ಅದನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟರು.

“ನಿಮ್ಮ ಕೈಯಾರ ನಿಮ್ಮ ಕೆಲಸಾನ ತಪ್ಪು ಅಂತ ಬರೀತೀರಲ್ರಿ. ನಿಮ್ಮದು ವರ್ಷಾ ವರ್ಷಾ ಹೊಸದಾಗಿ ಆದೇಶ ಆಗೂ ನೌಕರಿ. ಮುಂದ ಯಾರರ ಈ ಕಾಗದಾ ತಗದ್ರ?”

ಆ ಭಯ ನನಗೂ ಇತ್ತು. ಹುಡುಗಿಯನ್ನು ಕಳಿಸದೆ ಇಟ್ಟುಕೊಂಡು ನಾನೇನು ಕಲಿಸುವವಳು ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ನನಗೆ ಸನ್ನೆ ಭಾಷೆಯ ಒಂದು ಅಕ್ಷರ ಬರುತ್ತಿರಲಿಲ್ಲ. ಬರೆದದ್ದನ್ನು ಹಾಗೇ ಬಿಟ್ಟು ಬಂದೆ.

ಕಲಿಸುವವರನ್ನು ಹುಡುಕಲು ಶುರುಮಾಡಿದೆ. ಕೊಪ್ಪಳದಲ್ಲಿ ವಿಚಾರಿಸಿದೆ, ಗಂಗಾವತಿಯಲ್ಲಿ ವಿಚಾರಿಸಿದೆ. ತರಬೇತಾದ ಶಿಕ್ಷಕರು ದೂರದ ಊರಿನಲ್ಲಿದ್ದರು, ಬರುವಂತಿರಲಿಲ್ಲ. ಕೊನೆಗೆ ಕುಷ್ಟಗಿಯ ಒಬ್ಬ ಸಹೋದ್ಯೋಗಿ ಹೇಳಿದಳು, “ನಮ್ಮ ಓಣ್ಯಾಗ ಒಬ್ಬಾಕಿ ಕಿವುಡಿ ಟೇಲರ್ ಅದಾಳ. ಸಣ್ಣಕಿದ್ದಾಗ ಕಿವುಡರ ಸಾಲ್ಯಾಗ ಇದ್ದು ಕಲ್ತಾಕಿ. ಕೈಲೆ ಭಾಳ ಮಾತಾಡ್ತಾಳ.”

ಕುಷ್ಟಗಿಗೆ ಹೋದೆ. ಮೂವತ್ತರ ಆಸುಪಾಸಿನ ಹೆಂಗಸು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಯ ಮೇಲೆ ಕುಪ್ಪಸಗಳು. ಅಳತೆ ಬರೆಯುವ ಪುಸ್ತಕ ನನ್ನ ಕಡೆ ತಳ್ಳಿದಳು. ನಾನು ಎಲ್ಲ ಬರೆದೆ, ಒಂದು ಪುಟ ತುಂಬಿತು. ಅವಳು ಓದಿ ಕೆಳಗೆ ಬರೆದಳು: ‘ವಯಸ್ಸು?’ ನಾನು ‘ಏಳು’ ಎಂದು ಬರೆದೆ. ಅವಳು ಬರೆದಳು: ‘ತಡ.’ ಸ್ವಲ್ಪ ಹೊತ್ತು ಕತ್ತರಿ ಆಡಿಸಿ, ಮತ್ತೆ ಪುಸ್ತಕ ಎಳೆದುಕೊಂಡಳು. ‘ಹುಡುಗಿ ಒಬ್ಬಳೇ ಕೂತರೆ ಬರುವುದಿಲ್ಲ. ಮನೆಯವರೆಲ್ಲ ಕೂರಬೇಕು. ನನ್ನ ಮನೆಯಲ್ಲಿ ಯಾರೂ ಕಲಿಯಲಿಲ್ಲ.’

ಮೊದಲ ಸಭೆಯನ್ನು ಶಾಲೆಯಲ್ಲಿ ಶನಿವಾರ ಇಟ್ಟೆ. ಕುಕನೂರಿನಲ್ಲೂ ಮಾತು ಬಾರದ ಮಕ್ಕಳಿದ್ದ ಎರಡು ಮನೆಗೆ ಹೇಳಿದ್ದೆ. ಟೇಲರ್ ಮೂರು ಬಸ್ಸು ಬದಲಿಸಿ ಬಂದಳು. ತಾಯಿ ಮಗಳನ್ನು ಬಿಟ್ಟು ಯಾರೂ ಬರಲಿಲ್ಲ. ಹೆಡ್‌ಮಾಸ್ತರರೇ ಕಾರಣ ಹೇಳಿದರು. “ಶನಿವಾರ ಕೂಲಿ ಬಿಟ್ಟು ಯಾರ್ ಬರ್ತಾರ್ರಿ? ಸೋಮವಾರ ಎತ್ತು ಹೂಡಂಗಿಲ್ಲ, ಮಂದಿ ಮನ್ಯಾಗಿರ್ತಾರ. ಮತ್ತ ಸಾಲಿ ಅಂದ್ರ ಹೆದರ್ತಾರ. ಅವರ ಮನಿ ಕಟ್ಟಿ ಮ್ಯಾಲೆ ಇಡ್ರಿ.”

ಸೋಮವಾರ ಕಟ್ಟೆಯ ಮೇಲೆ ಚಾಪೆ ಹಾಸಿದೆವು. ಕುಕನೂರಿನ ಇಬ್ಬರು ತಾಯಂದಿರು ಮಕ್ಕಳೊಡನೆ ಬಂದರು. ಅಜ್ಜಿ ಬರಲಿಲ್ಲ. ಹೊಸ್ತಿಲ ಒಳಗೆ ನಮಗೆ ಬೆನ್ನು ಮಾಡಿ ಕೂತು, ಎಲ್ಲರಿಗೂ ಕೇಳುವಂತೆ ಅಂದಳು, “ಈ ಮಂಗ್ಯಾನಾಟ ನಮ್ಮ ಮನಿ ಮುಂದ ಬ್ಯಾಡ. ಇಷ್ಟ್ ದಿನಾ ಹುಡುಗಿ ಮಾತಾಡಾಕ ತಡ ಅಂತಿದ್ರು. ನಾಳಿಂದ ಮೂಗಿ ಅಂತಾರ. ಮುಂದ ಯಾರ್ ಲಗ್ನಾ ಆಗ್ತಾರ?”

ತಾಯಿ ತಲೆ ತಗ್ಗಿಸಿದಳು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸನ್ನೆ ಕಲಿಸಿದರೆ ಇದ್ದಷ್ಟು ಮಾತೂ ನಿಂತುಹೋಗುತ್ತದೆ ಎಂದು ಹೇಳುವವರೂ ಆಗ ಬಹಳ ಜನ ಇದ್ದರು. ನಾನು ಅದಕ್ಕೂ ಪೂರಾ ಇಲ್ಲ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಟೇಲರಿಗೆ ಇದಾವುದೂ ಕೇಳಿಸಲಿಲ್ಲ. ಅವಳು ತನ್ನ ಪಾಡಿಗೆ ಸನ್ನೆ ತೋರಿಸುತ್ತಾ ಹೋದಳು. ಅವ್ವ, ಅಪ್ಪ, ಬಾ, ಹೋಗು, ಹಸಿವು. ಅಪ್ಪನಿಗೆ ಮೀಸೆ ತಿರುವುವ ಸನ್ನೆ. ಮೂರನೇ ಸೋಮವಾರ ಊಟದ ಪದಗಳಿಗೆ ಬಂದಳು. ರೊಟ್ಟಿಗೆ ಅವಳು ತನ್ನ ಶಾಲೆಯಲ್ಲಿ ಕಲಿತ ಸನ್ನೆ ತೋರಿಸಿದಳು, ಲಟ್ಟಣಿಗೆ ಹಿಂದೆ ಮುಂದೆ ಆಡಿಸಿದ ಹಾಗೆ.

ಒಳಗಿನಿಂದ ಅಜ್ಜಿಯ ದನಿ ಬಂತು. “ಅದ್ಯಾವ ರೊಟ್ಟಿ? ಅದು ಚಪಾತಿ.”

ನಾವೆಲ್ಲ ತಿರುಗಿದೆವು. ಅಜ್ಜಿ ಅಷ್ಟು ದಿನವೂ ಹೆಗಲ ಮೇಲಿಂದ ನೋಡುತ್ತಿದ್ದಳು ಎಂದು ಆಗ ತಿಳಿಯಿತು. ಅವಳು ಎದ್ದು ಬಂದು ಟೇಲರಿನ ಮುಂದೆ ನಿಂತು, ಎರಡು ಅಂಗೈ ಸೇರಿಸಿ ತಪತಪ ಬಡಿದಳು. “ಹಿಂಗ. ರೊಟ್ಟಿ ಬಡೀತಾರ, ತೀಡಂಗಿಲ್ಲ. ಹೇಳ್ರಿ ಆಕಿಗೆ.”

ಹೇಳಬೇಕಾಗಿ ಬರಲಿಲ್ಲ. ಟೇಲರ್ ಅಜ್ಜಿಯ ಕೈ ನೋಡಿ, ಬಾಯಿತುಂಬ ನಕ್ಕು, ಅದೇ ರೀತಿ ಬಡಿದು ತೋರಿಸಿದಳು. ಶಾಲೆಯ ಸನ್ನೆ ಬಿಟ್ಟು ಮನೆಯ ಸನ್ನೆ ಕಲಿಸಿದರೆ ಮುಂದೆ ಹೊರಗಿನವರ ಜೊತೆ ಹುಡುಗಿಗೆ ಕಷ್ಟವಾದೀತೇ ಎಂದು ನಾನು ಚೀಟಿಯಲ್ಲಿ ಬರೆದು ಕೇಳಿದೆ. ಅವಳು ಬರೆದಳು: ‘ಮೊದಲು ಮನೆಯಲ್ಲಿ ಮಾತಾಡಲಿ.’ ಅಂದಿನಿಂದ ಅಜ್ಜಿ ಚಾಪೆಯ ಮೇಲೆ ಕೂತಳು.

ಇಷ್ಟಾದ ಮೇಲೆ ಹುಡುಗಿ ಬೇಗ ಕಲಿಯುತ್ತಾಳೆ ಎಂದು ನಾನು ನಂಬಿದ್ದೆ. ಹಾಗಾಗಲಿಲ್ಲ. ಕುಕನೂರಿನ ಮಕ್ಕಳು ಎರಡು ತಿಂಗಳಲ್ಲಿ ನೀರು ಬೇಕು, ಮನೆಗೆ ಹೋಗೋಣ ಎನ್ನತೊಡಗಿದವು. ಇವಳು ನಾವು ಮಾಡಿದ ಸನ್ನೆಯನ್ನು ಹಾಗೆಯೇ ತಿರುಗಿ ಮಾಡುತ್ತಿದ್ದಳು, ಕನ್ನಡಿಯಂತೆ. ತಾನಾಗಿ ಒಂದನ್ನೂ ಮಾಡಲಿಲ್ಲ. ಹಸಿವು ಎಂದು ಕೈ ತೋರಿಸಿದರೆ ಅವಳೂ ತೋರಿಸುವಳು, ನಿಜವಾಗಿ ಹಸಿದಾಗ ತಾಟು ಎತ್ತಿ ನೆಲಕ್ಕೆ ಬಡಿಯುವಳು. ನಾಲ್ಕನೇ ತಿಂಗಳೂ ಹಾಗೇ. ನನ್ನ ಮೊದಲ ವರದಿಯೇ ಸರಿ ಇತ್ತೇನೋ, ಮೂರನೆಯದೇ ತಪ್ಪೇನೋ ಎಂದು ಎಷ್ಟೋ ಸೋಮವಾರ ಬಸ್ಸಿನಲ್ಲಿ ಕೂತು ಯೋಚಿಸಿದ್ದೇನೆ. ಟೇಲರ್ ಮಾತ್ರ ‘ಕಾಯಿರಿ’ ಎಂದು ಬರೆಯುತ್ತಿದ್ದಳು. ಎಷ್ಟು ದಿನ ಎಂದು ಕೇಳಿದರೆ ಭುಜ ಹಾರಿಸುತ್ತಿದ್ದಳು.

ಯುಗಾದಿಗೆ ತಂದೆ ಊರಿಗೆ ಬಂದ. ಐದು ದಿನ ಇದ್ದ. ಹೊರಡುವ ದಿನ ನಾನು ಅಲ್ಲಿದ್ದೆ. “ಅರ್ಧಾ ವರ್ಷ ಆತ್ರಿ ಅಕ್ಕೋರ. ಆ ಸಾಲ್ಯಾಗಿನ ಜಾಗಾನೂ ಹೋತು. ಇಲ್ಲಿ ಏನ್ ಬಂತು?” ಎಂದು ಕೇಳಿದ. ಬಿರುಸಾಗಿ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ. “ನನಗೂ ತಿಳೀವಲ್ದು” ಅಂದೆ. ಅವನು ಮಗಳ ತಲೆ ಸವರಿ ಗಂಗಾವತಿಯ ಬಸ್ಸಿಗೆ ಹೋದ.

ಮೂರನೇ ದಿನ ಬೆಳಿಗ್ಗೆ ನಮ್ಮ ಮನೆಮಾಲೀಕರು ಫೋನಿದೆ ಎಂದು ಕರೆದರು. ಆ ತಾಯಿ. ಊರಿನ ಕಿರಾಣಿ ಅಂಗಡಿಯ ಡಬ್ಬಿ ಫೋನಿನಿಂದ ಮಾಡಿದ್ದಳು, ಅವಳು ನನಗೆ ಹಿಂದೆಂದೂ ಫೋನು ಮಾಡಿರಲಿಲ್ಲ. ಉಸಿರು ಏರಿತ್ತು.

“ಅಕ್ಕೋರ, ಗಂಗಾವತಿಗೆ ಕೈಲೆ ಏನಂತಾರ್ರಿ?”

“ಯಾಕ, ಏನಾತು?”

“ಮುಂಜಾನಿಂದ ಕೇಳಾಕತ್ಯಾಳ್ರಿ. ಮೀಸಿ ತಿರುವ್ತಾಳ, ಹಿಂಗ ಕೈ ಮಾಡ್ತಾಳ, ಎಲ್ಲಿ ಅಂತ. ಮೀಸಿ, ಎಲ್ಲಿ. ಮೀಸಿ, ಎಲ್ಲಿ. ನಾ ಹೋಗ್ಯಾನ ಅಂತ ಮಾಡಿ ತೋರ್ಸಿದೆ. ಸಾಲಂಗಿಲ್ರಿ ಆಕಿಗೆ. ಎಲ್ಲಿ ಹೋಗ್ಯಾನ ಅಂತ ಮತ್ತ ಕೇಳ್ತಾಳ. ನನಗ ಹೇಳಾಕ ಬರವಲ್ದು.”

ಶ್ರೀರಾಮನಗರ ಬಿಟ್ಟು ಬಂದಾಗಿನಿಂದ ಪ್ರತಿ ತಿಂಗಳು ಅಪ್ಪ ಬಂದು, ಇದ್ದು, ಕಾಣೆಯಾಗುತ್ತಿದ್ದ. ಎಲ್ಲಿಗೆ ಎಂದು ಕೇಳಲು ಅವಳಿಗೆ ದಾರಿ ಇರಲಿಲ್ಲ. ಆರು ತಿಂಗಳು ಅವಳು ಸುಮ್ಮನೆ ಕೂತು ಕೂಡಿಹಾಕಿದ್ದು ಇದನ್ನೇ ಇರಬೇಕು.

“ಅಕ್ಕೋರ, ಅದೀರೇನ್ರಿ?”

“ಅದೀನಿ. ಗಂಗಾವತಿಗೆ ಏನಂತಾರೋ ನನಗೂ ಗೊತ್ತಿಲ್ಲವ್ವ.”

“ಹಂಗಾದ್ರ ನಾ ಏನಂತ ಹೇಳ್ಲಿ?”

“ಏನ್ ಹೇಳಿದ್ರ ತಿಳೀತೈತಿ ಅನಸ್ತೈತಿ, ಅದನ್ನ ಹೇಳ್ರಿ.”

ಆ ಸೋಮವಾರ ಹೋದಾಗ ತಾಯಿ ಮಾಡಿ ತೋರಿಸಿದಳು. ಬೆನ್ನ ಮೇಲೆ ಚೀಲ ಹೊರುವುದು, ಆಮೇಲೆ ಬೆರಳ ತುದಿಯಿಂದ ಅಕ್ಕಿ ಉದುರಿಸುವುದು. ಅದೇ ಗಂಗಾವತಿ. ಟೇಲರ್ ಬೇರೆ ಸನ್ನೆ ಕೊಡಲಿಲ್ಲ.

ಆಮೇಲಿನದು ಬೇಗ ಬೇಗ ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ನೂರಾರು ಸನ್ನೆ. ತಂದೆಗೂ ಅಜ್ಜಿಯೇ ಕಲಿಸಿದಳು. ಮರುವರ್ಷ ಹುಡುಗಿ ಶಾಲೆಗೆ, ಒಂದನೇ ಇಯತ್ತೆಗೆ ಮತ್ತೆ ಹೋಗತೊಡಗಿದಳು, ಮುಂದಿನ ಸಾಲಿನಲ್ಲಿ ಕೂತು ಬರೆಯಲು ಕಲಿತಳು. ಮಾತು ಬರಲಿಲ್ಲ. ಕಿವಿ ಇವತ್ತಿಗೂ ಒಂದೊಂದು ದಿನ ಒಂದೊಂದು ಥರ. ಕುಕನೂರಿನ ಒಬ್ಬ ತಾಯಿ ನಡುವೆಯೇ ಬರುವುದನ್ನು ನಿಲ್ಲಿಸಿದಳು, ಯಾಕೆಂದು ನನಗೆ ಕೊನೆಗೂ ಹೇಳಲಿಲ್ಲ. ಮೊದಲೇ ಹುಬ್ಬಳ್ಳಿಗೆ ಕರೆದೊಯ್ದಿದ್ದರೆ, ಆ ಯಂತ್ರ ಕಟ್ಟಿ ಎರಡು ತಿಂಗಳು ಅಳಿಸದಿದ್ದರೆ ಎಂದು ಈಗಲೂ ನೆನಪಾಗುತ್ತದೆ.

ಶಾಲೆ ಸೇರಿದ ವರ್ಷವೇ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕಾಯುತ್ತಾ ಕೂತಿದ್ದಳು, ಮುಖ ಗಂಟು ಹಾಕಿಕೊಂಡು.

“ಅಕ್ಕೋರ, ನಿಮ್ಮ ಹುಡುಗಿ ಸುಳ್ಳು ಹೇಳಾಕ ಕಲ್ತಾಳ.”

“ಏನ್ ಸುಳ್ಳು?”

“ಸಾಲ್ಯಾಗ ಬಿಸಿಯೂಟ ಹೊಟ್ಟಿತುಂಬ ಉಂಡು ಬಂದಾಳ. ಮನಿಗೆ ಬಂದು ನನ್ನ ಮುಂದ ಹೊಟ್ಟಿ ಮುಟ್ಕೊಂಡು, ಉಂಡಿಲ್ಲ ಅಂತ ಕೈ ಮಾಡಿದ್ಲು. ಹಬ್ಬಕ್ಕ ಮಾಡಿಟ್ಟ ಕರಚಿಕಾಯಿ ಕೊಟ್ಟೆ. ಆಮ್ಯಾಲೆ ಮಾಸ್ತರ ಹೇಳಿದ್ರು, ಎರಡ್ ಸಲ ಹಾಕಿಸ್ಕೊಂಡು ಉಂಡ್ಲು ಅಂತ. ಎಷ್ಟ್ ಸಾಪಾಗಿ ಹೇಳಿದ್ಲ್ರಿ. ಮುಖದಾಗ ಒಂದ್ ಗೆರಿ ಆಕಡೆ ಈಕಡೆ ಆಗ್ಲಿಲ್ಲ.”

ಗಂಭೀರವಾಗಿರಬೇಕೆಂದು ಪ್ರಯತ್ನಿಸಿದೆ. ಬುದ್ಧಿ ಇಲ್ಲ ಎಂದು ನಾನೇ ಬರೆದುಕೊಟ್ಟ ಮಗು. ತುಟಿ ಬಿಗಿಹಿಡಿದರೂ ಆಗಲಿಲ್ಲ, ಸೆರಗು ಬಾಯಿಗೆ ಹಿಡಿದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಸರಿಯಾಗಿ ತಿಳಿಯಲಿಲ್ಲ.

“ನಗಬ್ಯಾಡ್ರಿ” ಅಂದಳು ಅಜ್ಜಿ. “ಕಲಿಸಿದವರು ನಾವ.”